ಕೇಟಿಯಿಂದ ಸ್ಯಾನ್ ಆಂಟೋನಿಯೊ: ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರುವ ಲೆಕ್ಕ

ಪ್ರಶ್ನೆ: ನಾವು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದೇವೆ. ಟೆಕ್ಸಸ್ ಲೈಸೆನ್ಸ್ ಸಿಕ್ಕಿ ಎರಡು ತಿಂಗಳಾಯಿತು, ಮನೆಯಲ್ಲಿ ಕಾರು ಓಡಿಸುವವನು ನಾನೊಬ್ಬನೇ. ದಾವಣಗೆರೆ ಕಡೆಯಿಂದ ಅಪ್ಪ (71) ಮತ್ತು ಅಮ್ಮ (66) ಬಂದಿದ್ದಾರೆ. ಅಮ್ಮನಿಗೆ ಮಂಡಿನೋವು. ಅಪ್ಪ ಭತ್ತದ ಗದ್ದೆ ಮಾಡಿಸುತ್ತಿದ್ದವರು. ಹೆಂಡತಿ ಮತ್ತು ಆರು ವರ್ಷದ ಮಗಳು ಸೇರಿ ಐದು ಜನ, ಎಲ್ಲರೂ ಸಸ್ಯಾಹಾರಿಗಳು, ಕಾರು ಸೆಡಾನ್. ಜೂನ್ ಮಧ್ಯದ ಒಂದು ಶನಿವಾರ ಸ್ಯಾನ್ ಆಂಟೋನಿಯೊಗೆ ಹೋಗಿ ಅಲಾಮೋ, ರಿವರ್ ವಾಕ್, ಹಳೆಯ ಮಿಷನ್‌ಗಳನ್ನು (ಸ್ಪೇನಿನ ಪಾದ್ರಿಗಳ ಕಾಲದ ಚರ್ಚು-ವಸತಿಗಳು) ನೋಡಿ, ಬರುವಾಗ ಆಸ್ಟಿನ್‌ನಲ್ಲಿ ಬಾವಲಿಗಳನ್ನೂ ನೋಡಿ ಅದೇ ದಿನ ಮನೆಗೆ ಬರಬಹುದೇ? ಹೋಟೆಲ್ ಮಾಡುವ ಯೋಚನೆ ಇಲ್ಲ.

ಉತ್ತರ: ಸ್ಯಾನ್ ಆಂಟೋನಿಯೊ ಆಗುತ್ತದೆ. ಆಸ್ಟಿನ್ ಬಿಡಿ.

ನಕ್ಷೆ ನೋಡಿದರೆ ಆಸ್ಟಿನ್ ಸೇರಿಸುವುದು ದೊಡ್ಡ ವಿಷಯ ಅನ್ನಿಸುವುದಿಲ್ಲ. ಕೇಟಿಯಿಂದ ಸ್ಯಾನ್ ಆಂಟೋನಿಯೊ ಸುಮಾರು 170 ಮೈಲಿ, ಹೋಗಿಬರಲು 340. ಅಲ್ಲಿಂದ ಆಸ್ಟಿನ್ 80 ಮೈಲಿ, ಆಸ್ಟಿನ್‌ನಿಂದ 71ನೇ ರಸ್ತೆ ಹಿಡಿದು ಕೊಲಂಬಸ್ ಮೇಲೆ ಕೇಟಿಗೆ ಸುಮಾರು 145. ಮೂರೂ ಸೇರಿದರೆ 395. ‘ಐವತ್ತೈದು ಮೈಲಿ ಹೆಚ್ಚು, ಅಷ್ಟೇ ತಾನೆ’ ಎಂದು ಹೊರಟವರು ಸಿಕ್ಕಿಬೀಳುವುದು ಮೈಲಿಯಲ್ಲಲ್ಲ, ಗಂಟೆಯಲ್ಲಿ. ಎರಡು ಊರುಗಳ ನಡುವಿನ ಐ-35 ಶನಿವಾರ ಸಂಜೆಯೂ ಖಾಲಿ ಇರುವ ರಸ್ತೆಯಲ್ಲ. ಕಾಂಗ್ರೆಸ್ ಅವೆನ್ಯೂ ಸೇತುವೆಯಡಿಯ ಬಾವಲಿಗಳು ಏಳುವುದು ಕತ್ತಲಾಗುವ ಹೊತ್ತಿಗೆ, ಅಂದರೆ ಜೂನ್‌ನಲ್ಲಿ ರಾತ್ರಿ ಎಂಟೂವರೆಯ ಸುಮಾರಿಗೆ. ನೋಡಿ, ಪಾರ್ಕಿಂಗ್‌ನಿಂದ ಕಾರು ತೆಗೆದು ಹೊರಡುವಾಗ ಒಂಬತ್ತು ದಾಟಿರುತ್ತದೆ. ಮನೆ ಸೇರುವುದು ಹನ್ನೊಂದೂವರೆಯ ಮೇಲೆ. ಬೆಳಗ್ಗೆ ಐದಕ್ಕೆ ಎದ್ದ ಒಬ್ಬನೇ ಡ್ರೈವರು, ಎರಡು ತಿಂಗಳ ಲೈಸೆನ್ಸು, ಕಾರಿನ ತುಂಬ ಮಲಗಿದ ಮನೆಯವರು, ಮುಂದೆ ಕತ್ತಲೆ ಹೆದ್ದಾರಿ. ಇದನ್ನು ಮಾಡಬೇಡಿ. ಆಸ್ಟಿನ್‌ಗೆ ಇನ್ನೊಂದು ಶನಿವಾರ ಮಧ್ಯಾಹ್ನ ಹೊರಟರೂ ಬಾವಲಿಗಳು ಸಿಗುತ್ತವೆ.

ಒಂದೇ ದಿನದ ಪ್ರಯಾಣದ ಲೆಕ್ಕವನ್ನು ಹೊರಡುವ ಹೊತ್ತಿನಿಂದ ಶುರು ಮಾಡಬಾರದು, ವಾಪಸ್ ಬರುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಜೂನ್ ಮಧ್ಯದಲ್ಲಿ ನಿಮ್ಮ ಕಡೆ ಸೂರ್ಯ ಮುಳುಗುವುದು ರಾತ್ರಿ 8:20ರ ಆಸುಪಾಸು. ಬೆಳಕಿರುವಾಗಲೇ ಮನೆ ಸೇರಬೇಕೆಂದರೆ ಎಂಟು ಗಂಟೆ ಗುರಿ. ರಸ್ತೆ ಎರಡು ಗಂಟೆ ಮೂವತ್ತೈದು ನಿಮಿಷ, ದಾರಿಯ ಒಂದು ನಿಲುಗಡೆ ಇಪ್ಪತ್ತೈದು ನಿಮಿಷ. ಹಾಗಾಗಿ ಸಂಜೆ 5 ಗಂಟೆಗೆ ಚಕ್ರ ಉರುಳಬೇಕು. ಐದು ಗಂಟೆಗೆ ‘ಇನ್ನು ಹೊರಡೋಣ’ ಎನ್ನುವುದಲ್ಲ. ಹಿರಿಯರೂ ಮಗುವೂ ಇರುವ ಗುಂಪಿಗೆ ‘ಹೊರಡೋಣ’ದಿಂದ ‘ಹೊರಟೆವು’ ತನಕ ಅರ್ಧ ಗಂಟೆ ಬೇಕು, ಯಾರೋ ಒಬ್ಬರಿಗೆ ಆಗಲೇ ಬಾತ್‌ರೂಮು ನೆನಪಾಗುತ್ತದೆ. ಆದ್ದರಿಂದ ನೋಡುವುದೆಲ್ಲ ನಾಲ್ಕೂವರೆಗೆ ಮುಗಿಯಬೇಕು. ಈ ಒಂದು ಸಮಯವನ್ನು ಹಿಂದಿನ ರಾತ್ರಿಯೇ ಮನೆಯವರಿಗೆಲ್ಲ ಹೇಳಿಬಿಡಿ. ಅಲ್ಲಿ ಹೋದ ಮೇಲೆ ಹೇಳಿದರೆ ಜಗಳ.

ಬೆಳಗ್ಗೆ 5:45ಕ್ಕೆ ಕೇಟಿ ಬಿಟ್ಟರೆ 8:50ಕ್ಕೆ ಮೊದಲ ಜಾಗದಲ್ಲಿರುತ್ತೀರಿ. ಎಂಟು ಗಂಟೆ ಕೈಯಲ್ಲಿದೆ ಅನ್ನಿಸುತ್ತದೆ. ಅದರಲ್ಲಿ ಊರೊಳಗಿನ ಓಡಾಟ, ಪಾರ್ಕಿಂಗ್ ಹುಡುಕುವುದು, ಕಾರಿನಿಂದ ನಡೆಯುವುದು ಒಂದೂಕಾಲು ಗಂಟೆ, ಊಟ ಒಂದೂಕಾಲು ಗಂಟೆ, ಹೊರಡುವ ಗಡಿಬಿಡಿ ಅರ್ಧ ಗಂಟೆ ಕಳೆಯಿರಿ. ಉಳಿಯುವುದು ಐದು ಗಂಟೆ. ಐದು ಗಂಟೆಯಲ್ಲಿ ಮೂರು ಜಾಗ ಚೆನ್ನಾಗಿ ಆಗುತ್ತದೆ, ನಾಲ್ಕನೆಯದು ಚಿಕ್ಕದಿದ್ದರೆ ತೂರಿಸಬಹುದು. ಸೀವರ್ಲ್ಡ್, ನ್ಯಾಚುರಲ್ ಬ್ರಿಡ್ಜ್ ಗುಹೆ ಇವೆಲ್ಲ ಒಂದೊಂದೂ ಅರ್ಧ ದಿನ ತಿನ್ನುತ್ತವೆ, ಪಟ್ಟಿಗೆ ಸೇರಿಸಬೇಡಿ.

ಶನಿವಾರ ಆರಿಸಿಕೊಂಡಿದ್ದು ಒಳ್ಳೆಯದಾಯಿತು. ಭಾನುವಾರ ಸಂಜೆ ವಾರಾಂತ್ಯ ಮುಗಿಸಿ ಹ್ಯೂಸ್ಟನ್‌ಗೆ ಮರಳುವವರೆಲ್ಲ ಇದೇ ರಸ್ತೆಯಲ್ಲಿರುತ್ತಾರೆ. ಅಲ್ಲದೆ ಮಿಷನ್ ಚರ್ಚುಗಳು ಇವತ್ತಿಗೂ ಪೂಜೆ ನಡೆಯುವ ಚರ್ಚುಗಳು, ಭಾನುವಾರ ಪ್ರಾರ್ಥನೆಯ ಹೊತ್ತಲ್ಲಿ ಪ್ರವಾಸಿಗರಂತೆ ಒಳಗೆ ಅಡ್ಡಾಡಲಾಗದು. ಶನಿವಾರ ಮದುವೆ ಇದ್ದರೂ ಚರ್ಚಿನ ಬಾಗಿಲು ಸ್ವಲ್ಪ ಹೊತ್ತು ಮುಚ್ಚಿರಬಹುದು. ಅಂಗಳ ಹೇಗೂ ತೆರೆದಿರುತ್ತದೆ.

ರಸ್ತೆ ಒಂದೇ, ಐ-10 ವೆಸ್ಟ್. ತಿರುವಿಲ್ಲ ಎಂದೇ ಹೇಳಬಹುದು. ಈ ಹೆದ್ದಾರಿಯಲ್ಲಿ ಎಕ್ಸಿಟ್ ಸಂಖ್ಯೆ ಎಂದರೆ ಮೈಲಿಗಲ್ಲಿನ ಸಂಖ್ಯೆಯೇ. ನ್ಯೂ ಮೆಕ್ಸಿಕೊ ಗಡಿಯಲ್ಲಿ ಸೊನ್ನೆಯಿಂದ ಶುರುವಾಗಿ ಲೂಸಿಯಾನ ಗಡಿಯಲ್ಲಿ 880ಕ್ಕೆ ಮುಗಿಯುತ್ತದೆ. ನೀವು ಪಶ್ಚಿಮಕ್ಕೆ ಹೋಗುವಾಗ ಸಂಖ್ಯೆ ಇಳಿಯುತ್ತಾ ಬರುತ್ತದೆ: ಕೇಟಿ 740ರ ಆಸುಪಾಸು, ಸೀಲಿ 720, ಕೊಲಂಬಸ್ 696, ವೈಮರ್ 682, ಶೂಲೆನ್‌ಬರ್ಗ್ 674, ಫ್ಲಾಟೋನಿಯ 661, ಲೂಲಿಂಗ್ 632, ಸೆಗೀನ್ 610. ಇದನ್ನು ಒಂದು ಚೀಟಿಯಲ್ಲಿ ಬರೆದು ಮಗಳ ಕೈಗೆ ಕೊಡಿ. ‘ಇನ್ನೆಷ್ಟು ದೂರ’ ಎಂಬ ಪ್ರಶ್ನೆಗೆ ಅವಳೇ ಕಳೆಯುವ ಲೆಕ್ಕ ಮಾಡಿ ಉತ್ತರ ಹೇಳುತ್ತಾಳೆ. ಕಾರು ಕೆಟ್ಟು ನಿಂತು 911ಕ್ಕೆ ಫೋನ್ ಮಾಡಬೇಕಾದರೂ ಹೇಳಬೇಕಾದ್ದು ಇದೇ: ಐ-10, ವೆಸ್ಟ್ ಅಥವಾ ಈಸ್ಟ್, ಇಂಥ ಮೈಲಿಗಲ್ಲಿನ ಹತ್ತಿರ. ತುರ್ತಲ್ಲದ ತೊಂದರೆಗೆ ನಿಮ್ಮ ಟೆಕ್ಸಸ್ ಲೈಸೆನ್ಸಿನ ಹಿಂಬದಿಯಲ್ಲೇ ರೋಡ್‌ಸೈಡ್ ಸಹಾಯದ ನಂಬರು ಅಚ್ಚಾಗಿದೆ, ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಕೊಲಂಬಸ್‌ನಲ್ಲಿ ಮಾತ್ರ ಸ್ವಲ್ಪ ಎಚ್ಚರ. ಆಸ್ಟಿನ್ ಎಂಬ ದೊಡ್ಡ ಬೋರ್ಡು ಕಂಡು 71ಕ್ಕೆ ಇಳಿದುಬಿಡುವವರಿದ್ದಾರೆ. ನೀವು ಐ-10ರಲ್ಲೇ ಇರಿ. ಈ ದಾರಿಯಲ್ಲಿ ನಿಮಗೆ ಟೋಲ್ ಎಲ್ಲೂ ಇಲ್ಲ. ಟೋಲ್ ಲೇನುಗಳಿರುವುದು ಕೇಟಿಯಿಂದ ಪೂರ್ವಕ್ಕೆ, ಹ್ಯೂಸ್ಟನ್ ಕಡೆಯ ಕೇಟಿ ಫ್ರೀವೇಯಲ್ಲಿ. ನೀವು ಹೋಗುವುದು ಅದರ ವಿರುದ್ಧ ದಿಕ್ಕಿಗೆ.

ಇನ್ನೊಂದು ಅದೃಷ್ಟವೂ ನಿಮ್ಮ ಕಡೆಗಿದೆ. ಬೆಳಗ್ಗೆ ಪಶ್ಚಿಮಕ್ಕೆ ಹೋಗುತ್ತೀರಿ, ಸೂರ್ಯ ಬೆನ್ನಿಗೆ. ಸಂಜೆ ಪೂರ್ವಕ್ಕೆ ಬರುತ್ತೀರಿ, ಆಗಲೂ ಸೂರ್ಯ ಬೆನ್ನಿಗೆ. ಸ್ಯಾನ್ ಆಂಟೋನಿಯೊದವರು ಹ್ಯೂಸ್ಟನ್‌ಗೆ ಬಂದುಹೋದರೆ ಎರಡು ಹೊತ್ತೂ ಕಣ್ಣಿಗೆ ಬಿಸಿಲು. ಆದರೆ ಕನ್ನಡಿಗಳಲ್ಲಿ ಸೂರ್ಯ ಹೊಳೆಯುತ್ತದೆ, ಒಳಗಿನ ಕನ್ನಡಿಯ ಕೆಳಗಿರುವ ಪುಟ್ಟ ಕಡ್ಡಿಯನ್ನು ತಿರುಗಿಸಿ ಮಂಕು ಮಾಡಿಕೊಳ್ಳಿ.

ಹಳ್ಳಿಗಾಡಿನ ಭಾಗದಲ್ಲಿ ವೇಗದ ಮಿತಿ ಬಹುಪಾಲು ಗಂಟೆಗೆ 75 ಮೈಲಿ. ಎಡ ಲೇನು ಹಿಂದಿಕ್ಕುವುದಕ್ಕೆ ಮಾತ್ರ, ಅದನ್ನು ಬೋರ್ಡಿನಲ್ಲೇ ಬರೆದಿದ್ದಾರೆ. ನಮ್ಮ ಕಡೆಯ ಹೊಸ ಚಾಲಕರು ಮಾಡುವ ಸಾಮಾನ್ಯ ತಪ್ಪು ಎಂದರೆ, ‘ಟ್ರಕ್ಕಿನ ಗೊಡವೆ ಬೇಡ’ ಎಂದು ಎಡ ಲೇನಿನಲ್ಲೇ 70ರಲ್ಲಿ ಕೂತುಬಿಡುವುದು. ಹಿಂದೆ ಸಾಲು ಬೆಳೆಯುತ್ತದೆ, ಯಾರೋ ಸಿಟ್ಟಿನಲ್ಲಿ ಬಲದಿಂದ ನುಗ್ಗುತ್ತಾರೆ, ಅಪಾಯ ಅಲ್ಲಿ. ಬಲ ಲೇನಿನಲ್ಲಿ 70ಕ್ಕೆ ಕ್ರೂಸ್ (ವೇಗವನ್ನು ಕಾರೇ ಹಿಡಿದಿಡುವ ವ್ಯವಸ್ಥೆ) ಹಾಕಿ ನೆಮ್ಮದಿಯಾಗಿ ಹೋಗಿ. 170 ಮೈಲಿಗೆ 75ಕ್ಕೂ 70ಕ್ಕೂ ವ್ಯತ್ಯಾಸ ಹತ್ತೇ ನಿಮಿಷ. ಟ್ರಕ್ಕನ್ನು ದಾಟುವಾಗ ಅದರ ಪಕ್ಕದಲ್ಲೇ ಜೊತೆಯಾಗಿ ಸಾಗಬೇಡಿ, ಒಂದೇ ಸಲಕ್ಕೆ ದಾಟಿ ಮುಂದೆ ಹೋಗಿ. ಟ್ರಕ್ಕಿನ ಎರಡೂ ಹೆಡ್‌ಲೈಟ್ ನಿಮ್ಮ ಒಳಕನ್ನಡಿಯಲ್ಲಿ ಪೂರ್ತಿ ಕಂಡ ಮೇಲೆಯೇ ಬಲಕ್ಕೆ ಬನ್ನಿ. ಬೇಸಿಗೆಯಲ್ಲಿ ಟ್ರಕ್ ಟಯರಿನ ಸಿಪ್ಪೆಗಳು ಕಪ್ಪು ಹಾವಿನಂತೆ ರಸ್ತೆಯಲ್ಲಿ ಬಿದ್ದಿರುತ್ತವೆ. ಮುಂದಿನ ವಾಹನದಿಂದ ನಾಲ್ಕು ಸೆಕೆಂಡ್ ದೂರವಿದ್ದರೆ ಅದು ಕಂಡು ಮೆಲ್ಲಗೆ ತಪ್ಪಿಸಲು ಹೊತ್ತಿರುತ್ತದೆ. ಇಲ್ಲವಾದರೆ ಗಕ್ಕನೆ ಸ್ಟೇರಿಂಗ್ ತಿರುಗಿಸುವ ಪ್ರಸಂಗ ಬರುತ್ತದೆ.

ರಸ್ತೆಬದಿಯಲ್ಲಿ ಪೊಲೀಸ್, ಆಂಬುಲೆನ್ಸ್ ಅಥವಾ ಕಾರು ಎಳೆಯುವ ಟೋ ಟ್ರಕ್ಕು ದೀಪ ಹಾಕಿ ನಿಂತಿದ್ದರೆ ಅದರ ಪಕ್ಕದ ಲೇನು ಬಿಟ್ಟು ಆಚೆ ಸರಿಯಬೇಕು. ಸರಿಯಲು ಜಾಗವಿಲ್ಲದಿದ್ದರೆ ಮಿತಿಗಿಂತ 20 ಮೈಲಿ ಕಡಿಮೆಗೆ ಇಳಿಯಬೇಕು. ಇದು ಟೆಕ್ಸಸ್‌ನ ಕಾನೂನು, ದಂಡ ಬೀಳುತ್ತದೆ. ಈ ಹೆದ್ದಾರಿಯಲ್ಲಿ ವರ್ಷಗಳಿಂದ ಅಗಲೀಕರಣದ ಕೆಲಸ ಅಲ್ಲಲ್ಲಿ ನಡೆಯುತ್ತಲೇ ಇದೆ. ಕೆಲಸಗಾರರಿರುವ ಕಡೆ ವೇಗದ ದಂಡ ಇಮ್ಮಡಿ. ಶುಕ್ರವಾರ ರಾತ್ರಿ ರಾಜ್ಯ ಸಾರಿಗೆ ಇಲಾಖೆಯ ಡ್ರೈವ್‌ಟೆಕ್ಸಸ್ ನಕ್ಷೆಯಲ್ಲಿ ಆ ವಾರಾಂತ್ಯ ಯಾವುದಾದರೂ ಲೇನು ಮುಚ್ಚುತ್ತಾರಾ ಎಂದು ನೋಡಿಕೊಳ್ಳಿ.

ಯಾರೂ ಹೇಳಿಕೊಡದ ಒಂದು ವಿಷಯ ಇಲ್ಲಿದೆ. ನೀವು ಕೇಟಿಯಲ್ಲಿ ದಿನಾ ಓಡಿಸುವ ಫೀಡರ್ ರಸ್ತೆ ಒನ್‌ವೇ. ಆದರೆ ಹಳ್ಳಿಗಾಡಿನಲ್ಲಿ ಹೆದ್ದಾರಿಯ ಪಕ್ಕದ ರಸ್ತೆ ಎಷ್ಟೋ ಕಡೆ ಎರಡೂ ದಿಕ್ಕಿನದು. ಎಕ್ಸಿಟ್ ಇಳಿದು ‘ಒನ್‌ವೇ ತಾನೆ’ ಎಂದು ಎಡ ಭಾಗಕ್ಕೆ ಹೋದರೆ ಎದುರಿಗೆ ಪಿಕಪ್ ಟ್ರಕ್ಕು. ಇಳಿದ ತಕ್ಷಣ ನೆಲದ ಗೆರೆ ನೋಡಿ, ನಡುವೆ ಹಳದಿ ಗೆರೆ ಇದ್ದರೆ ಎರಡು ದಿಕ್ಕು, ಬಲಕ್ಕೆ ಇರಿ. ಅಂದ ಹಾಗೆ, ಸ್ಯಾನ್ ಆಂಟೋನಿಯೊದಲ್ಲಿ ‘ಫೀಡರ್’ ಎಂದರೆ ಮುಖ ನೋಡುತ್ತಾರೆ, ಅವರ ಮಾತಿನಲ್ಲಿ ಅದು ‘ಆಕ್ಸೆಸ್ ರೋಡ್’. ಎಕ್ಸಿಟ್ ತಪ್ಪಿದರೆ ಗಾಬರಿ ಬೇಡ. ಮುಂದಿನದರಲ್ಲಿ ಇಳಿದು ಸೇತುವೆಯಡಿಯ ಯು-ಟರ್ನ್ ಲೇನಿನಲ್ಲಿ ಸಿಗ್ನಲ್ ಇಲ್ಲದೆ ತಿರುಗಿ ಬರಬಹುದು.

ಶುಕ್ರವಾರವೇ ಕಾರಿನ ಕೆಲಸ ಮುಗಿಸಿ. ಟಯರಿನ ಗಾಳಿ ನೋಡುವುದು ತಣ್ಣಗಿರುವಾಗ. ಎಷ್ಟಿರಬೇಕು ಎನ್ನುವುದು ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಸ್ಟಿಕ್ಕರಿನಲ್ಲಿದೆ. ಟಯರಿನ ಪಕ್ಕೆಯ ಮೇಲಿರುವ ಸಂಖ್ಯೆ ಅದಲ್ಲ, ಅದು ಟಯರು ತಡೆಯುವ ಗರಿಷ್ಠ. ಐದು ಜನ, ಕಾದ ಕಾಂಕ್ರೀಟು, 70ರ ವೇಗ ಸೇರಿದರೆ ಗಾಳಿ ಕಡಿಮೆ ಇರುವ ಟಯರು ಒಳಗೇ ಬಿಸಿಯಾಗಿ ಸಿಡಿಯುತ್ತದೆ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿಯನ್ನೂ ನೋಡಿ. ಅದು ಸಣಕಲು ‘ಡೋನಟ್’ ಆಗಿದ್ದರೆ ಸಾಮಾನ್ಯವಾಗಿ 50ರ ಮೇಲೆ ಓಡಿಸುವಂತಿಲ್ಲ. ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಪಂಕ್ಚರ್ ಕಿಟ್ ಮಾತ್ರ. ಇದು ರಸ್ತೆಯಲ್ಲಿ ತಿಳಿಯುವುದಕ್ಕಿಂತ ಮನೆಯಲ್ಲಿ ತಿಳಿಯುವುದು ವಾಸಿ.

ಪೆಟ್ರೋಲಿಗೆ ಲೆಕ್ಕ ಸರಳ. ಊರೊಳಗಿನ ಓಡಾಟ ಸೇರಿ 370 ಮೈಲಿ. ಎಸಿ ಹಾಕಿ ಐದು ಜನ ಕೂತರೆ ಸೆಡಾನ್ ಗ್ಯಾಲನ್ನಿಗೆ 28 ಮೈಲಿ ಕೊಡುತ್ತದೆ ಎಂದುಕೊಳ್ಳಿ, 13 ಗ್ಯಾಲನ್ ಆಯಿತು. ಗ್ಯಾಲನ್ 3 ಡಾಲರ್ ಎಂದು ಹಿಡಿದರೆ 40 ಡಾಲರ್ ಒಳಗೆ. ಪೂರ್ತಿ ಟ್ಯಾಂಕಿನಲ್ಲಿ ಹೊರಟು, ಬರುವಾಗ ಲೂಲಿಂಗ್‌ನಲ್ಲಿ ಮತ್ತೆ ತುಂಬಿಸಿ. 87 ಎಂದು ಬರೆದ ನಳಿಕೆ ಹಿಡಿಯಿರಿ. ಹಸಿರು ಹಿಡಿಕೆಯದು ಇಲ್ಲಿ ಸಾಮಾನ್ಯವಾಗಿ ಡೀಸೆಲ್. ಅಪ್ಪ ತಮ್ಮ ಕಾರ್ಡು ಕೊಡಲು ಬಂದರೆ ಪಂಪು ಝಿಪ್ ಕೋಡ್ ಕೇಳುತ್ತದೆ, ದಾವಣಗೆರೆಯ ಆರಂಕಿಯ ಪಿನ್‌ಕೋಡ್ ಅಲ್ಲಿ ಹಿಡಿಸುವುದಿಲ್ಲ. ಒಳಗೆ ಹೋಗಿ ಕೌಂಟರಿನಲ್ಲಿ ಪಂಪ್ ನಂಬರು ಹೇಳಿ ಮುಂಗಡ ಕೊಟ್ಟರೆ ಆಗುತ್ತದೆ.

ಕೂರುವ ಜಾಗ ಮೊದಲೇ ತೀರ್ಮಾನಿಸಿ. ಅಮ್ಮನಿಗೆ ಮುಂದಿನ ಸೀಟು, ಪೂರ್ತಿ ಹಿಂದಕ್ಕೆ ಸರಿಸಿ ಕಾಲು ಚಾಚಲು ಬಿಡಿ. ಎಂಟು ವರ್ಷದೊಳಗಿನ ಮಗು 4 ಅಡಿ 9 ಇಂಚು ಮುಟ್ಟಿರದಿದ್ದರೆ ಬೂಸ್ಟರ್ ಸೀಟು ಕಡ್ಡಾಯ. ಬೆನ್ನಿರುವ ದೊಡ್ಡ ಬೂಸ್ಟರ್ ಇಟ್ಟರೆ ಹಿಂದೆ ಇಬ್ಬರು ದೊಡ್ಡವರಿಗೆ ಜಾಗ ಇಕ್ಕಟ್ಟು. ಮಗಳ ತೂಕ, ಎತ್ತರ ಹೊಂದಿದರೆ ಬೆನ್ನಿಲ್ಲದ ಕಿರಿದಾದ ಬೂಸ್ಟರ್ ಕೊಳ್ಳಿ. ಶನಿವಾರ ಬೆಳಗ್ಗೆ ಅಲ್ಲ, ಈ ವಾರವೇ ಕೊಂಡು ಮೂವರನ್ನೂ ಕೂರಿಸಿ ಬೆಲ್ಟಿನ ಕೊಂಡಿ ಸಿಗುತ್ತದಾ ನೋಡಿ. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ. ಸೀರೆಯಲ್ಲಿ ಕೂತಾಗ ಬೆಲ್ಟಿನ ಕೆಳಪಟ್ಟಿ ನೆರಿಗೆಯ ಗಂಟಿನ ಮೇಲೆ ಜಾರಿ ಹೊಟ್ಟೆಗೆ ಬರುತ್ತದೆ, ಅದನ್ನು ನೆರಿಗೆಯ ಕೆಳಗೆ ತೊಡೆಯ ಬುಡಕ್ಕೆ ಎಳೆದು ಸರಿಮಾಡಿ. ಹೊರಡುವ ಮುನ್ನ ಅಪ್ಪನಿಗೆ ಒಂದು ಮಾತು ಹೇಳಿಡಿ: ಪೊಲೀಸರು ನಿಲ್ಲಿಸಿದರೆ ಊರಿನಲ್ಲಿ ಮಾಡುವಂತೆ ಇಳಿದು ಮಾತಾಡಲು ಹೋಗಬಾರದು. ಎಲ್ಲರೂ ಕೂತಲ್ಲೇ ಇರಬೇಕು. ನಿಮ್ಮ ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಕೇಳಿದ ಮೇಲೆ ಲೈಸೆನ್ಸು ಮತ್ತು ವಿಮೆ ತೋರಿಸಿ. ಅಪ್ಪ ಅಮ್ಮನ ಪಾಸ್‌ಪೋರ್ಟು ಹೆಗಲ ಚೀಲದಲ್ಲಿ ಜೊತೆಗೇ ಇರಲಿ, ಕಾರಿನಲ್ಲಿ ಬಿಟ್ಟು ಹೋಗಬೇಡಿ. ಪ್ರವಾಸಿಗರ ಪಾರ್ಕಿಂಗ್‌ಗಳಲ್ಲಿ ಗಾಜು ಒಡೆಯುವ ಕಳ್ಳರು ಹುಡುಕುವುದೇ ಸೀಟಿನ ಮೇಲಿನ ಚೀಲವನ್ನು.

ಹೋಗುವಾಗ ಒಂದೇ ನಿಲುಗಡೆ ಸಾಕು: ಲೂಲಿಂಗ್. ಕೇಟಿಯಿಂದ ಸುಮಾರು 110 ಮೈಲಿ, ಒಂದೂವರೆ ಗಂಟೆ ಚಿಲ್ಲರೆ, ಹಿರಿಯರಿಗೆ ಸರಿಯಾದ ಅಂತರ. ಇಲ್ಲಿರುವ ಬಕೀಸ್ ಎಂಬ ಭಾರೀ ಪೆಟ್ರೋಲ್ ಬಂಕು-ಅಂಗಡಿ 2024ರ ಜೂನ್‌ನಲ್ಲಿ ತೆರೆದದ್ದು, ಸುಮಾರು 75,000 ಚದರಡಿ, 120 ಪೆಟ್ರೋಲ್ ಪಂಪು. ಬಾತ್‌ರೂಮು ಚೊಕ್ಕಟ, ಅಮ್ಮನಿಗೆ ಮೆಟ್ಟಿಲು ಹತ್ತುವ ಕೆಲಸವಿಲ್ಲ. ಆದರೆ ಒಳಗೆ ಹೋದವರು ಇಪ್ಪತ್ತೈದು ನಿಮಿಷದಲ್ಲಿ ಹೊರಬರುವುದು ಸುಲಭವಲ್ಲ. ‘ಕೊಳ್ಳುವುದೆಲ್ಲ ಬರುವಾಗ’ ಎಂದು ಬಾಗಿಲಲ್ಲೇ ಹೇಳಿಬಿಡಿ. ಲೂಲಿಂಗ್ ಹತ್ತಿರ ಬಂದಾಗ ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಕಾರು ಕೆಟ್ಟಿತೆಂದು ಹೆದರಬೇಡಿ. 1922ರಲ್ಲಿ ಇಲ್ಲಿ ತೈಲ ಸಿಕ್ಕಿತು, ಇವತ್ತಿಗೂ ಊರೊಳಗೇ ಪಂಪುಗಳು ತಲೆ ಆಡಿಸುತ್ತಾ ಎಣ್ಣೆ ಎತ್ತುತ್ತವೆ. ಎಸಿಯನ್ನು ಒಳಗಾಳಿಗೆ ತಿರುಗಿಸಿ.

ತಿಂಡಿ ಮನೆಯದೇ ಇರಲಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಸಾಕು. ಮೊಸರನ್ನ ಮಾತ್ರ ಐಸ್ ಹಾಕಿದ ಪೆಟ್ಟಿಗೆಯಲ್ಲಿ. 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಬೇಗ ಕೆಡುವ ಆಹಾರ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇರಬಾರದು, ನಿಲ್ಲಿಸಿದ ಕಾರಿನ ಒಳಗಂತೂ ಕೇಳಲೇಬೇಡಿ. ಈ ದಾರಿಯ ವೈಮರ್, ಶೂಲೆನ್‌ಬರ್ಗ್ ಚೆಕ್ ವಲಸಿಗರು ನೆಲೆಸಿದ ಊರುಗಳು, ‘ಕೊಲಾಚೆ’ ಎಂಬ ಮೆತ್ತನೆಯ ಬನ್ನು ಪ್ರಸಿದ್ಧ. ಏಪ್ರಿಕಾಟ್, ಗಸಗಸೆ, ಸಿಹಿ ಚೀಸ್ ತುಂಬಿದ್ದು ನಿಮಗೆ ಆಗುತ್ತದೆ. ಪೂರ್ತಿ ಮುಚ್ಚಿದ, ಉದ್ದನೆಯ ಬನ್ನಿನೊಳಗೆ ಇರುವುದು ಸಾಸೇಜು. ಟೆಕ್ಸಸ್‌ನಲ್ಲಿ ಅದನ್ನೂ ಕೊಲಾಚೆ ಎಂದೇ ಮಾರುತ್ತಾರೆ, ಕೇಳಿ ತೆಗೆದುಕೊಳ್ಳಿ.

ಸ್ಯಾನ್ ಆಂಟೋನಿಯೊದಲ್ಲಿ ಎಲ್ಲರೂ ಅಲಾಮೋದಿಂದ ಶುರು ಮಾಡುತ್ತಾರೆ. ನೀವು ಮಿಷನ್ ಸ್ಯಾನ್ ಹೋಸೆಯಿಂದ ಶುರು ಮಾಡಿ. ಕಾರಣ ಬಿಸಿಲು. ಜೂನ್‌ನಲ್ಲಿ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ಮಾಮೂಲಿ. ‘ದಾವಣಗೆರೆ ಬಿಸಿಲು ಕಂಡವರು ನಾವು’ ಎಂದು ಅಪ್ಪ ಅನ್ನಬಹುದು, ಆದರೆ ಇಲ್ಲಿ ತೇವವೂ ಸೇರಿ ಬೆವರು ಆರುವುದಿಲ್ಲ. ಮಿಷನ್‌ಗಳು ಬಯಲಿನವು, ತಂಪಿರುವಾಗಲೇ ಮುಗಿಸಬೇಕು. ಐ-10ರಿಂದ ಐ-37 ಸೌತ್ ಹಿಡಿದು, ಸೌತ್‌ಈಸ್ಟ್ ಮಿಲಿಟರಿ ಡ್ರೈವ್‌ನಲ್ಲಿ ಇಳಿದು ಪಶ್ಚಿಮಕ್ಕೆ ಹೋದರೆ ರೂಸ್‌ವೆಲ್ಟ್ ಅವೆನ್ಯೂ ಬಳಿ ಮಿಷನ್. ಪಾರ್ಕಿಂಗ್ ಉಚಿತ, ಪ್ರವೇಶವೂ ಉಚಿತ, ಬಾಗಿಲು ಒಂಬತ್ತಕ್ಕೆ. 1720ರಲ್ಲಿ ಶುರುವಾದ ಈ ಮಿಷನ್ನಿನ ಸುತ್ತುಗೋಡೆಯೊಳಗೆ ಅಂದು ಇಲ್ಲಿನ ಮೂಲನಿವಾಸಿಗಳು ವಾಸಿಸುತ್ತಿದ್ದ ಕೋಣೆಗಳ ಸಾಲು, ಗೋಧಿ ಬೀಸುವ ನೀರಿನ ಗಿರಣಿ, ಕೆತ್ತನೆಯ ‘ಗುಲಾಬಿ ಕಿಟಕಿ’ ಎಲ್ಲ ಇವೆ. ನೆಲ ಸಮತಟ್ಟು, ಅಮ್ಮ ನಿಧಾನವಾಗಿ ನಡೆಯಬಹುದು. ಈ ಮಿಷನ್, ಕಾನ್ಸೆಪ್ಸಿಯಾನ್, ಸ್ಯಾನ್ ಹುವಾನ್, ಎಸ್ಪಾಡಾ ಮತ್ತು ಅಲಾಮೋ, ಐದೂ ಸೇರಿ 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಐದನ್ನೂ ನೋಡುವ ಹಟ ಬೇಡ.

ಆದರೆ ಇಲ್ಲಿಂದ ಮೂರ್ನಾಲ್ಕು ಮೈಲಿ ದಕ್ಷಿಣಕ್ಕೆ ಹೋಗಿ ಎಸ್ಪಾಡಾ ಮೇಲ್ಗಾಲುವೆ ಮಾತ್ರ ತೋರಿಸಿ. ಪ್ರವಾಸಿ ಪಟ್ಟಿಗಳಲ್ಲಿ ಇದು ಕೊನೆಗೆ ಬರುತ್ತದೆ. ಗದ್ದೆ ಮಾಡಿಸಿದ ನಿಮ್ಮ ಅಪ್ಪನಿಗೆ ಇಡೀ ದಿನದಲ್ಲಿ ಹಿಡಿಸುವುದು ಬಹುಶಃ ಇದೇ. ಸ್ಪೇನಿನ ಪಾದ್ರಿಗಳ ಕಾಲದಲ್ಲಿ ನದಿಗೆ ಸಣ್ಣ ಒಡ್ಡು ಕಟ್ಟಿ, ನೀರನ್ನು ಇಳಿಜಾರಿನಲ್ಲೇ ಹರಿಸಿ ಹೊಲಕ್ಕೆ ತಂದರು. ಈ ಕಾಲುವೆಗೆ ಅವರ ಭಾಷೆಯಲ್ಲಿ ‘ಅಸೇಕಿಯಾ’ ಎನ್ನುತ್ತಾರೆ, ಅರಬ್ಬಿಯಿಂದ ಬಂದ ಪದ. ನಡುವೆ ಒಂದು ಹಳ್ಳ ಅಡ್ಡ ಬಂತು. ಅದರ ಮೇಲೆ ಕಲ್ಲಿನ ಕಮಾನು ಕಟ್ಟಿ ಕಾಲುವೆಯನ್ನೇ ಆಚೆ ದಾಟಿಸಿದರು. 1745ರಲ್ಲಿ ಮುಗಿದ ಆ ಕಮಾನಿನ ಮೇಲೆ ಇವತ್ತೂ ನೀರು ಹರಿಯುತ್ತಿದೆ. ಹಂಪಿಯ ಸುತ್ತಿನ ಮೇಲ್ಗಾಲುವೆಗಳ ಮುಂದೆ ಗಾತ್ರದಲ್ಲಿ ಚಿಕ್ಕದೇ. ಆದರೆ ಭದ್ರಾ ಕಾಲುವೆಯ ಸರದಿಗೆ ಕಾದು ಕೂತವರಿಗೆ ಇದರ ಇಳಿಜಾರು ಏನೆಂದು ವಿವರಿಸಬೇಕಾಗಿಲ್ಲ. ಇಪ್ಪತ್ತೈದು ನಿಮಿಷ ಸಾಕು. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಮಾತ್ರ ಈ ಕಡೆ ಬರಬೇಡಿ. ಈ ಭಾಗದಲ್ಲಿ ನದಿ, ಹಳ್ಳಗಳನ್ನು ನೆಲಮಟ್ಟದಲ್ಲೇ ದಾಟುವ ರಸ್ತೆಗಳಿವೆ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ, ಎಷ್ಟೇ ತೆಳ್ಳಗೆ ಕಂಡರೂ, ಕಾರು ಇಳಿಸದೆ ಹಿಂದಿರುಗಿ.

ಹನ್ನೊಂದೂವರೆಗೆ ಡೌನ್‌ಟೌನ್. ಫೋನಿನಲ್ಲಿ ಬರೀ ‘ಅಲಾಮೋ’ ಎಂದು ಹಾಕಿದರೆ ಅಲಾಮೋ ಹೆಸರಿನ ಬಾಡಿಗೆ ಕಾರಿನ ಕಂಪನಿ, ಸಿನಿಮಾ ಮಂದಿರ, ಅಲಾಮೋಡೋಮ್ ಎಂಬ ಕ್ರೀಡಾಂಗಣ, ಕೊನೆಗೆ ಮೆಕ್ಸಿಕೊ ಗಡಿಯ ಹತ್ತಿರ ಅದೇ ಹೆಸರಿನ ಊರೂ ಎದುರಾಗುತ್ತವೆ. ‘300 ಅಲಾಮೋ ಪ್ಲಾಜಾ’ ಎಂದು ವಿಳಾಸವನ್ನೇ ಹಾಕಿ. ಅಮ್ಮನನ್ನೂ ಹೆಂಡತಿಯನ್ನೂ ಅಲ್ಲೇ ಹತ್ತಿರ ಇಳಿಸಿ, ಆಮೇಲೆ ನೀವು ಬಹುಮಹಡಿ ಪಾರ್ಕಿಂಗ್ ಹುಡುಕಿ. ಬಯಲು ಪಾರ್ಕಿಂಗ್ ಐದು ಡಾಲರ್ ಕಡಿಮೆ ಇರಬಹುದು, ಆದರೆ ಸಂಜೆ ಕಾರಿನ ಒಳಗು ಒಲೆಯಾಗಿರುತ್ತದೆ. ಯಾವ ಮಹಡಿ, ಯಾವ ಕಂಬ ಎಂದು ಫೋಟೊ ತೆಗೆದುಕೊಳ್ಳಿ.

ಊಟ ಮೆಕ್ಸಿಕನ್. ಸಸ್ಯಾಹಾರಿಗಳು ಎಡವುವುದು ಇಲ್ಲೇ. ಅರೆದ ಬೀನ್ಸಿನಲ್ಲಿ ಹಂದಿಕೊಬ್ಬು ಇರಬಹುದು, ಅದನ್ನು ‘ಲಾರ್ಡ್’ ಎನ್ನುತ್ತಾರೆ. ಕೆಂಪನ್ನವನ್ನು ಕೋಳಿಸಾರಿನಲ್ಲಿ ಬೇಯಿಸಿರಬಹುದು. ಅವರ ರೊಟ್ಟಿಯಾದ ಮೈದಾ ಟೋರ್ಟಿಯಾದಲ್ಲೂ ಲಾರ್ಡ್ ಇರುವುದುಂಟು. ಚೀಸ್ ಎಂಚಿಲಾಡಾ (ಚೀಸ್ ತುಂಬಿ ಸುತ್ತಿದ ಟೋರ್ಟಿಯಾ) ಎಂದು ನಂಬಿ ತರಿಸಿದರೆ ಮೇಲೆ ಸುರಿದ ‘ಚಿಲಿ ಗ್ರೇವಿ’ ಗೋಮಾಂಸದ್ದಾಗಿರುವುದು ಟೆಕ್ಸಸ್‌ನಲ್ಲಿ ವಾಡಿಕೆ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮಾಂಸದ ತುಂಡು ತೆಗೆಯುತ್ತಾರೆ, ಸಾರು ಉಳಿಯುತ್ತದೆ. ಒಂದೊಂದಾಗಿ ಕೇಳಿ: ಬೀನ್ಸಿನಲ್ಲಿ ಲಾರ್ಡ್ ಇದೆಯೇ, ಅನ್ನ ಚಿಕನ್ ಬ್ರಾತ್‌ನದೇ, ಎಂಚಿಲಾಡಾ ಮೇಲಿನ ಸಾಸ್ ಯಾವುದು. ಮೆಕ್ಕೆಜೋಳದ ಟೋರ್ಟಿಯಾ, ಬೆಣ್ಣೆಹಣ್ಣಿನ ಚಟ್ನಿಯಂಥ ಗ್ವಾಕಮೋಲೆ, ಹುರಿದ ತರಕಾರಿಯ ಫಹೀತಾ ಸಾಮಾನ್ಯವಾಗಿ ಹೊಂದುತ್ತವೆ. ಮನಸ್ಸು ಒಪ್ಪದಿದ್ದರೆ ಪೆಟ್ಟಿಗೆಯ ಮೊಸರನ್ನ ಇದ್ದೇ ಇದೆ.

ಅಲಾಮೋ ಚರ್ಚಿನ ಒಳಗೆ ಹೋಗಲು ಹಣ ಬೇಡ, ಆದರೆ ಸಮಯ ನಿಗದಿಯಾದ ಉಚಿತ ಟಿಕೆಟ್ಟು ಬೇಕು. ಅವರದೇ ವೆಬ್‌ಸೈಟಿನಲ್ಲಿ ಈ ವಾರವೇ ಮಧ್ಯಾಹ್ನ ಒಂದೂವರೆಗೆ ಕಾಯ್ದಿರಿಸಿ. ಶನಿವಾರ ಅಲ್ಲೇ ಹೋಗಿ ಕೇಳಿದರೆ ಸಿಗುವುದು ಮೂರಕ್ಕೋ ನಾಲ್ಕಕ್ಕೋ, ನಿಮ್ಮ ಲೆಕ್ಕವೆಲ್ಲ ಕುಸಿಯುತ್ತದೆ. ಮಧ್ಯಾಹ್ನಕ್ಕೆ ಇಟ್ಟಿದ್ದಕ್ಕೆ ಎರಡು ಕಾರಣ. ಒಳಗೆ ನೆರಳಿದೆ. ಚರ್ಚು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದ ಮೇಲೆಯೇ ಮುಂಭಾಗಕ್ಕೆ ಬೆಳಕು ಬೀಳುತ್ತದೆ, ಮನೆಯವರ ಫೋಟೊ ಚೆನ್ನಾಗಿ ಬರುತ್ತದೆ. ಒಳಗೆ ಗಂಡಸರು ಟೋಪಿ ತೆಗೆಯಬೇಕು. 1836ರ ಫೆಬ್ರುವರಿ 23ರಿಂದ ಮಾರ್ಚ್ 6ರವರೆಗೆ ಹದಿಮೂರು ದಿನ ಮೆಕ್ಸಿಕೊದ ಸಾಂತಾ ಆನಾನ ಸೈನ್ಯ ಮುತ್ತಿಗೆ ಹಾಕಿ, ಒಳಗಿದ್ದ ಟೆಕ್ಸಸ್ ಪರದ ಸುಮಾರು 200 ಹೋರಾಟಗಾರರು ಸತ್ತ ಜಾಗವಿದು. ಕಟ್ಟಡ ಚಿಕ್ಕದು, ‘ಇಷ್ಟೇನಾ’ ಎಂದು ಅಮ್ಮ ಅನ್ನುವುದು ಖಂಡಿತ. ಕತೆಯ ಉಳಿದರ್ಧ ನಿಮ್ಮ ಹ್ಯೂಸ್ಟನ್ ಪಕ್ಕದಲ್ಲೇ ಇದೆ. ಅದೇ ಏಪ್ರಿಲ್ 21ರಂದು ಸ್ಯಾನ್ ಹಸಿಂಟೊದಲ್ಲಿ ಸ್ಯಾಮ್ ಹ್ಯೂಸ್ಟನ್ ಆ ಸೈನ್ಯವನ್ನು ಹದಿನೆಂಟು ನಿಮಿಷದಲ್ಲಿ ಸೋಲಿಸಿದ್ದು. ಇನ್ನೊಂದು ಅರ್ಧ ದಿನಕ್ಕೆ ಅದನ್ನು ಇಟ್ಟುಕೊಳ್ಳಿ.

ರಿವರ್ ವಾಕ್ ರಸ್ತೆಗಿಂತ ಒಂದು ಮಹಡಿ ಕೆಳಗೆ ನದಿಯಂಚಿನಲ್ಲಿದೆ. ಇಳಿಯುವ ಕಲ್ಲಿನ ಮೆಟ್ಟಿಲುಗಳು ಒಂದೊಂದು ಒಂದೊಂದು ಎತ್ತರ, ಮಂಡಿಗೆ ಶತ್ರು. ಅಲಾಮೋ ಪಕ್ಕದ ರಿವರ್‌ಸೆಂಟರ್ ಮಾಲಿನೊಳಗೆ ಹೋಗಿ ಲಿಫ್ಟಿನಲ್ಲಿ ಇಳಿದರೆ ನೇರ ನೀರಿನ ಮಟ್ಟಕ್ಕೆ ಬರುತ್ತೀರಿ. ಅಲ್ಲೇ ತಂಪು, ಅಲ್ಲೇ ಬಾತ್‌ರೂಮು. ನದಿಯಂಚಿಗೆ ಬಹುತೇಕ ಕಡೆ ತಡೆಗಂಬಿ ಇಲ್ಲ, ಮಗಳ ಕೈ ಬಿಡಬೇಡಿ. ಉದ್ದಕ್ಕೂ ನಡೆಯುವುದಕ್ಕಿಂತ ಮೂವತ್ತೈದು ನಿಮಿಷದ ದೋಣಿಯೇ ನಿಮ್ಮ ಗುಂಪಿಗೆ ಸರಿ, ಎಲ್ಲರೂ ಕೂತು ನೋಡಬಹುದು. ಮೂರು ಗಂಟೆಯೊಳಗೆ ಸರದಿಯಲ್ಲಿರಬೇಕು. ಮೂರೂವರೆಗೂ ಹತ್ತದಿದ್ದರೆ ದೋಣಿ ಬಿಟ್ಟು, ದಡದಲ್ಲೇ ಒಂದು ಕಾಫಿ ಕುಡಿದು ಮೇಲೆ ಬನ್ನಿ.

ಆ ಕಾಫಿ ನಿಮಗೆ ಬೇಕು ಕೂಡ. ಹೊಟ್ಟೆ ತುಂಬಿ, ಬಿಸಿಲಲ್ಲಿ ಅಲೆದು, ಎಸಿ ಕಾರಿನಲ್ಲಿ ಕೂತಾಗ ಸೆಗೀನ್ ದಾಟುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ರಸ್ತೆ ಗೆರೆ ಎಳೆದಂತೆ ನೆಟ್ಟಗಿರುವುದು ಅದಕ್ಕೆ ಸಹಾಯವನ್ನೇ ಮಾಡುತ್ತದೆ. ಹೆಂಡತಿ ಎಚ್ಚರವಾಗಿರಲಿ, ಮಾತಾಡುತ್ತಿರಲಿ. ಕಳೆದ ಐದು ಮೈಲಿ ನೆನಪಿಲ್ಲ ಅನ್ನಿಸಿದರೆ ಹಾಡು, ಕಿಟಕಿ ಗಾಳಿ ಕೆಲಸಕ್ಕೆ ಬರುವುದಿಲ್ಲ. ಲೂಲಿಂಗ್‌ನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಸೀಟು ಒರಗಿಸಿ ಮಲಗಿ, ಪೆಟ್ರೋಲು ಆಮೇಲೆ. ಸಂಜೆ ಗುಡುಗುಮಳೆ ಸಿಕ್ಕರೆ ಕ್ರೂಸ್ ತೆಗೆಯಿರಿ, ಹೆಡ್‌ಲೈಟ್ ಹಾಕಿ, ವೇಗ ಇಳಿಸಿ. ಮುಂದೆ ಕಾಣದಷ್ಟು ಸುರಿದರೆ ರಸ್ತೆ ಬದಿಯಲ್ಲಲ್ಲ, ಮುಂದಿನ ಎಕ್ಸಿಟ್ ಇಳಿದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿ. ಈ ಮಳೆಗಳು ಸಾಮಾನ್ಯವಾಗಿ ಅರ್ಧ ಗಂಟೆಯವು.

ಹೋಟೆಲ್ ಬೇಡ ಎಂದಿದ್ದೀರಿ, ಸರಿ. ಆದರೂ ಅಪ್ಪನ, ಅಮ್ಮನ ಮಾತ್ರೆಗಳು ರಾತ್ರಿಯದೂ ಮರುದಿನ ಬೆಳಗಿನದೂ ಸೇರಿಸಿ ಚೀಲದಲ್ಲಿರಲಿ, ಜೊತೆಗೆ ಅವರ ಪ್ರಯಾಣ ವಿಮೆಯ ಕಾರ್ಡು, ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ. ಸಂಜೆ ಆರಕ್ಕೆ ನೀವು ನಿಜವಾಗಿ ದಣಿದಿದ್ದಾಗ ‘ಬಿಪಿ ಮಾತ್ರೆ ಮನೆಯಲ್ಲಿದೆ, ಹೇಗಾದರೂ ಹೋಗಿಬಿಡೋಣ’ ಎಂಬ ಮಾತು ಬರಬಾರದು. ಮಾತ್ರೆ ಕೈಯಲ್ಲಿದ್ದರೆ ಸೆಗೀನ್‌ನಲ್ಲಿ ಎಕ್ಸಿಟ್ 610ರ ಸುತ್ತಮುತ್ತ ಒಂದು ರೂಮು ಹಿಡಿದು ಮಲಗುವುದು ಐದು ನಿಮಿಷದ ತೀರ್ಮಾನ.